ಊರಿನ ಸಾರಿಗೆಲ್ಲ ಸೂಜಿ ಅದ್ದಿದವಳು

ನಮ್ಮ ಊರು ಮಿನೊಕುಬೊದಲ್ಲಿ ಯಾರಿಗೂ ಬೇಡವಾದ ಕೆಲಸವನ್ನು ಸಭೆಯಲ್ಲಿ ಆ ಗಳಿಗೆಗೆ ಇಲ್ಲದವರ ತಲೆಗೆ ಕಟ್ಟುವುದು ರೂಢಿ. ಸಾವಿರದ ಒಂಬೈನೂರ ಎಂಬತ್ತರ ಮಾರ್ಚಿನಲ್ಲಿ ನಮ್ಮ ಕೇರಿಯ ಆರೋಗ್ಯ ಸೇವಕಿಯನ್ನು ಆರಿಸುವಾಗ ನಾನು ಪಾಯಿಖಾನೆಗೆ ಹೋಗಿದ್ದೆ. ಕೈ ಒರೆಸಿಕೊಳ್ಳುತ್ತ ಒಳಗೆ ಬಂದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಯಾಕೆಂದು ತಿಳಿಯದೆ ನಾನೂ ತಟ್ಟಿದೆ. ಹೀಗೆ ಕರಸವಾ ಮನೆಯ ಸೊಸೆ ಮಿತ್ಸುಯೊ ಎಂಬ ನಾನು, ನಲವತ್ತೊಂದನೆಯ ವಯಸ್ಸಿನಲ್ಲಿ, ನನ್ನ ನೇಮಕಕ್ಕೆ ನಾನೇ ಚಪ್ಪಾಳೆ ಹೊಡೆದುಕೊಂಡು ಅಧಿಕಾರಕ್ಕೆ ಬಂದೆ.

ಕೆಲಸ ಇಷ್ಟೇ. ನಮ್ಮ ಬೆಟ್ಟದ ಸೀಮೆಯಲ್ಲಿ ಐವತ್ತು ದಾಟಿದ ಗಂಡಸರು ಇದ್ದಕ್ಕಿದ್ದಂತೆ ಕುಸಿದು ಬೀಳುತ್ತಿದ್ದರು. ಒಬ್ಬ ಹೊಲದಲ್ಲಿ, ಇನ್ನೊಬ್ಬ ಸ್ನಾನದ ತೊಟ್ಟಿಯಲ್ಲಿ, ಮತ್ತೊಬ್ಬ ಮಗಳ ಮದುವೆಯ ಊಟದಲ್ಲಿ. ತಲೆಯೊಳಗಿನ ರಕ್ತನಾಳ ಒಡೆಯುತ್ತದೆ, ಅದಕ್ಕೆ ಉಪ್ಪು ಕಾರಣ ಎಂದು ಮೇಲಿನವರು ಕಂಡುಹಿಡಿದಿದ್ದರು. ನಾವು ಉಪ್ಪು ತಿನ್ನುತ್ತಿದ್ದುದು ಮುಖ್ಯವಾಗಿ ಮಿಸೊದಿಂದ. ಬೇಯಿಸಿ ಅರೆದ ಸೋಯಾ ಕಾಳು, ಬೂಷ್ಟು ಹಿಡಿಸಿದ ಅಕ್ಕಿ, ಉಪ್ಪು, ಆಮೇಲೆ ಎರಡು ಮೂರು ಬೇಸಿಗೆಯ ಕಾಲ ಮರದ ಪೀಪಾಯಿಯಲ್ಲಿ ವಾಸ. ಬೆಳಿಗ್ಗೆ ಮಿಸೊ ಸಾರು, ಮಧ್ಯಾಹ್ನ ಮಿಸೊ ಸಾರು, ರಾತ್ರಿ ಸಾರಿಲ್ಲದಿದ್ದರೆ ಗಂಡಸರು ಊಟವೇ ಆಗಿಲ್ಲವೆಂಬಂತೆ ಕಾದು ಕೂರುತ್ತಿದ್ದರು.

ಸರ್ಕಾರದ ಕಡೆಯ ಓಬಿನಾತಾ ನರ್ಸಮ್ಮ ನನಗೆ ಒಂದು ಯಂತ್ರ ಕೊಟ್ಟಳು. ಅಂಗೈಯಷ್ಟು ಪೆಟ್ಟಿಗೆ, ಅದರಿಂದ ಹೊರಟ ಎರಡು ಕಡ್ಡಿ, ಮುಖದ ಮೇಲೊಂದು ಸೂಜಿ. ಕಡ್ಡಿಗಳನ್ನು ಸಾರಿಗೆ ಅದ್ದಿದರೆ ನೂರಕ್ಕೆ ಎಷ್ಟು ಉಪ್ಪಿದೆ ಎಂದು ಸೂಜಿ ಹೇಳುತ್ತಿತ್ತು.

"ಒಂದರ ಹತ್ರ ಇದ್ರೆ ಒಳ್ಳೇದು," ಎಂದಳು ನರ್ಸಮ್ಮ. "ಒಂದೂವರೆ ದಾಟಿದ್ರೆ ಮೆತ್ತಗೆ ಹೇಳಿ. ಬೈಬೇಡಿ, ಬೈದ್ರೆ ಮುಂದಿನ ಸಲ ಬಾಗಿಲು ತೆಗೆಯಲ್ಲ."

ನಾನು ಮೆತ್ತಗೆ ಹೇಳುವ ಜಾತಿಯವಳಲ್ಲ. ಯಂತ್ರ ಕೈಗೆ ಬಂದ ಒಂದು ವಾರದಲ್ಲಿ ನನ್ನ ನಡಿಗೆಯೇ ಬದಲಾಯಿತೆಂದು ನನ್ನ ಗಂಡ ಶಿಗೆಜೊ ಇಂದಿಗೂ ಹೇಳುತ್ತಾನೆ. ನಮ್ಮ ಕೇರಿಯ ಇಪ್ಪತ್ತೆಂಟು ಮನೆಗಳಿಗೂ ಬೆಳಗಿನ ಸಾರಿನ ಹೊತ್ತಿಗೆ ಸರಿಯಾಗಿ ಹೋಗಿ ನಿಲ್ಲುತ್ತಿದ್ದೆ. ನನ್ನನ್ನು ದೂರದಿಂದ ನೋಡಿದ ಹೆಂಗಸರು ಓಡಿಹೋಗಿ ಪಾತ್ರೆಗೆ ನೀರು ಸುರಿಯುತ್ತಿದ್ದರು. ಅದು ಗೊತ್ತಾಗಿ ನಾನು ಹಿತ್ತಲಿನಿಂದ ನುಗ್ಗತೊಡಗಿದೆ.

ಪಕ್ಕದ ಮನೆಯ ಯೊನೆ ಅಕ್ಕನದು ಒಂದೂ ಮುಕ್ಕಾಲು ಬಂತು. ನನಗಿಂತ ಹದಿನೈದು ವರ್ಷ ದೊಡ್ಡವಳು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕದ್ದು ಸಿಹಿ ಗೆಣಸು ಕೊಟ್ಟು ಸಾಕಿದವಳು.

"ಯೊನೆ ಅಕ್ಕ, ಇದು ಸಾರಲ್ಲ, ಸಮುದ್ರ."

"ಸಮುದ್ರ ನಾನೆಲ್ಲಿ ನೋಡ್ಬೇಕು ತಾಯಿ? ಈ ಬೆಟ್ಟ ಇಳಿದಿದ್ರೆ ತಾನೆ."

"ಭಾವನಿಗೆ ಏನಾದ್ರೂ ಆದ್ರೆ ಆಮೇಲೆ ಅತ್ತು ಪ್ರಯೋಜನ ಇಲ್ಲ."

"ಆಯ್ತಮ್ಮ ಪೊಲೀಸಮ್ಮ. ಚಹಾ ಕುಡಿದು ಹೋಗು. ಹೊಸ ಉಪ್ಪಿನಕಾಯಿ ತೆಗ್ದಿದೀನಿ, ಸೊಪ್ಪಿಂದು."

ನಾನು ಕೂತು ಚಹಾ ಕುಡಿದೆ, ಸೊಪ್ಪಿನ ಉಪ್ಪಿನಕಾಯಿಯನ್ನು ಒಂದು ತಟ್ಟೆ ಮುಗಿಸಿದೆ. ಹೋದ ಮನೆಗಳಲ್ಲೆಲ್ಲ ಹೀಗೇ ನಡೆಯುತ್ತಿತ್ತು. ಮರ್ಯಾದೆ ಅಂದರೆ ಮರ್ಯಾದೆ.

ನನ್ನ ಟಿಪ್ಪಣಿ ಪುಸ್ತಕದಲ್ಲಿ ಇಪ್ಪತ್ತೇಳು ಮನೆಗಳ ಸಂಖ್ಯೆ ಯಂತ್ರ ಹೇಳಿದ್ದು. ಇಪ್ಪತ್ತೆಂಟನೆಯದು ನಾನು ಹೇಳಿದ್ದು. ಅದು ನಮ್ಮ ಮನೆಯದು. ಅಲ್ಲಿ ಚಂದದ ಅಕ್ಷರದಲ್ಲಿ "ಒಂದು" ಎಂದು ಬರೆದಿದ್ದೆ.

ಅಳೆಯುವ ಧೈರ್ಯ ನನಗಿರಲಿಲ್ಲ, ಏಕೆಂದರೆ ನಮ್ಮ ಮನೆಯ ಮಿಸೊ ನನ್ನ ಅತ್ತೆಯದು. ಅತ್ತೆಯ ಹೆಸರು ಕುಮಾ. ನಮ್ಮ ಭಾಷೆಯಲ್ಲಿ ಹಾಗೆಂದರೆ ಕರಡಿ. ಹೆಸರಿಟ್ಟದ್ದು ಅವರಪ್ಪ, ಅದರಲ್ಲಿ ನನ್ನ ಪಾತ್ರವೇನೂ ಇಲ್ಲ. ಹದಿನೆಂಟಕ್ಕೆ ಈ ಮನೆಗೆ ಬಂದವರು, ಆಗ ಎಪ್ಪತ್ತೆರಡು. ಪ್ರತಿ ಏಪ್ರಿಲಿನಲ್ಲಿ ಕಾಳು ಬೇಯಿಸಿ, ಅರೆದು, ತಲೆಯಷ್ಟು ದಪ್ಪದ ಉಂಡೆ ಕಟ್ಟಿ, ಸೂರಿನಡಿ ತೂಗುಹಾಕಿ ಒಣಗಿಸಿ, ಮತ್ತೆ ಪುಡಿಮಾಡಿ ಪೀಪಾಯಿಗೆ ತುಂಬುತ್ತಿದ್ದರು. ಉಪ್ಪು ಅವರ ಮುಷ್ಟಿಯ ಲೆಕ್ಕ. ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿದ್ದರೂ ನನಗೆ ಉಗ್ರಾಣದಲ್ಲಿ ಪೀಪಾಯಿಯ ಮೇಲಿನ ಕಲ್ಲು ಎತ್ತುವ ಹಕ್ಕು ಮಾತ್ರ ಇತ್ತು. ಮಿಸೊ ತೆಗೆಯುವ ಮರದ ಸೌಟು ಅವರ ಕೈಯಲ್ಲಿ. ಒಮ್ಮೆ ಊಟದ ನಡುವೆ "ಸ್ವಲ್ಪ ಉಪ್ಪಾಯ್ತೇನೋ ಅತ್ತೆ," ಎಂದಿದ್ದೆ. "ಉಪ್ಪಿಗಿಂತ ರುಚಿ ಬೇರೆ ಇದ್ರೆ ನಿನ್ನ ತೌರಿಂದ ತರಿಸು," ಎಂದಿದ್ದರು. ಮಾತು ಅಲ್ಲಿಗೇ ಮುಗಿದಿತ್ತು. ಪುರಾಣ ಊರಿಗೆ ಹೇಳಬಹುದು, ಅತ್ತೆಗೆ ಹೇಳುವುದಕ್ಕೆ ಬೇರೆಯೇ ಗುಂಡಿಗೆ ಬೇಕು.

ಆ ವರ್ಷದ ಡಿಸೆಂಬರಿನಲ್ಲಿ ನರ್ಸಮ್ಮ ಬಾಂಬು ಹಾಕಿದಳು. ಊರಿನ ಹನ್ನೆರಡು ಕೇರಿಗಳ ಹನ್ನೆರಡು ಸೇವಕಿಯರೂ ಸಭಾಭವನಕ್ಕೆ ತಮ್ಮ ತಮ್ಮ ಮನೆಯ ಆ ದಿನದ ಸಾರು ತರಬೇಕು, ಎಲ್ಲರ ಮುಂದೆ ಅಳೆಯಲಾಗುವುದು, ಜನಕ್ಕೆ ಮಾದರಿಯಾಗಲಿ ಎಂದು.

ಆ ಬೆಳಿಗ್ಗೆ ಅತ್ತೆ ಮಾಡಿದ ಸಾರನ್ನು ಶೀಶೆಗೆ ತುಂಬಿಕೊಂಡು ಬಚ್ಚಲಿಗೆ ಹೋದೆ. ಬಾಗಿಲು ಹಾಕಿಕೊಂಡು ಸ್ವಲ್ಪ ಚೆಲ್ಲಿ ಬಿಸಿನೀರು ಬೆರೆಸಿದೆ. ಭಯವಾಯಿತು, ಇನ್ನೂ ಚೆಲ್ಲಿ ಇನ್ನೂ ಬೆರೆಸಿದೆ. ಮತ್ತೂ ಭಯವಾಯಿತು. ಯಂತ್ರ ಮನೆಯಲ್ಲೇ ಇತ್ತು, ಒಂದು ಸಲ ಅದ್ದಿ ನೋಡಬಹುದಿತ್ತು. ಕಳ್ಳರಿಗೆ ಅಷ್ಟು ಬುದ್ಧಿಯಿದ್ದರೆ ಜೈಲುಗಳು ಖಾಲಿ ಇರುತ್ತಿದ್ದವು.

ಭವನದಲ್ಲಿ ನೂರಕ್ಕೂ ಹೆಚ್ಚು ಜನ. ಮೂರನೆಯ ಸಾಲಿನಲ್ಲಿ ಅತ್ತೆ, ಅವರ ಪಕ್ಕ ಯೊನೆ ಅಕ್ಕ. ಒಬ್ಬೊಬ್ಬರ ಶೀಶೆ ತೆರೆದಂತೆ ನರ್ಸಮ್ಮ ಗಟ್ಟಿಯಾಗಿ ಓದಿದಳು: ಒಂದು ಪಾಯಿಂಟ್ ಎರಡು, ಒಂದು ಪಾಯಿಂಟ್ ನಾಲ್ಕು, ಒಂದು. ನನ್ನ ಶೀಶೆಗೆ ಕಡ್ಡಿ ಅದ್ದಿದಳು. ಸೂಜಿ ಅಲ್ಲಾಡಲೋ ಬೇಡವೋ ಎಂದು ಯೋಚಿಸಿತು. ನರ್ಸಮ್ಮ ಯಂತ್ರದ ಬೆನ್ನಿಗೆ ಎರಡು ಏಟು ಹಾಕಿ ಮತ್ತೆ ಅದ್ದಿದಳು.

"ಸೊನ್ನೆ ಪಾಯಿಂಟ್ ಮೂರು!" ಎಂದಳು. ಅವಳು ಹೊಸಬಳು, ಇನ್ನೂ ಮನುಷ್ಯರನ್ನು ನಂಬುವ ವಯಸ್ಸು. "ನೋಡಿ, ಇಡೀ ಊರಿಗೇ ಕಮ್ಮಿ ಕರಸವಾ ಅವರ ಮನೇದು. ಎಲ್ಲರೂ ಒಂದು ಚಪ್ಪಾಳೆ ತಟ್ಟಿ."

ಚಪ್ಪಾಳೆ ಬಿತ್ತು. ನಾನು ಸೊಂಟ ಬಗ್ಗಿಸಿ ವಂದಿಸಿದೆ. ಹೌದು, ನಾಚಿಕೆ ಬಿಟ್ಟು ವಂದಿಸಿದೆ. ತಲೆ ಎತ್ತುವಾಗ ಮೂರನೆಯ ಸಾಲಿನಲ್ಲಿ ಅತ್ತೆ ಎದ್ದು ನಿಂತಿದ್ದರು.

"ಏನಮ್ಮ ನರ್ಸಮ್ಮ, ಸೊನ್ನೆ ಅಂದ್ರೆ ಏನು?"

"ಉಪ್ಪು ಇಲ್ಲವೇ ಇಲ್ಲ ಅನ್ನೋ ಹಾಗೆ ಅಜ್ಜಿ. ತುಂಬಾ ತೆಳು."

"ತೆಳು? ನನ್ನ ಮಿಸೊ ತೆಳುವಾ?"

"ಅತ್ತೆ, ಕೂತ್ಕೊಳ್ಳಿ, ಮನೇಲಿ ಮಾತಾಡೋಣ," ಎಂದೆ ವೇದಿಕೆಯಿಂದಲೇ.

"ನೀನು ಸುಮ್ನಿರೇ. ಐವತ್ನಾಲ್ಕು ವರ್ಷದಿಂದ ಮಿಸೊ ಹಾಕ್ತಿದೀನಿ. ಕರಸವಾ ಮನೆ ಸಾರು ಪಾತ್ರೆ ತೊಳೆದ ನೀರಿನ ಹಾಗಿದೆ ಅಂತ ಊರೆದುರು ಹೇಳಿಸ್ಕೊಳ್ಳೋಕೆ ನಾನು ಬದುಕಿದೀನಾ? ಯಾರೂ ಏಳ್ಬೇಡಿ. ಈಗ ಬಂದೆ."

ನಮ್ಮ ಮನೆ ಭವನದಿಂದ ಐದು ನಿಮಿಷದ ಏರು. ಆ ದಿನ ಮೊಣಕಾಲುದ್ದ ಹಿಮ ಬಿದ್ದಿತ್ತು. ಯಾರೂ ಏಳಲಿಲ್ಲ. ಏಳುವುದಿರಲಿ, ಪಕ್ಕದ ಕೋಣೆಯಲ್ಲಿದ್ದವರೂ ಒಳಗೆ ಬಂದು ಕೂತರು. ನಾನು ವೇದಿಕೆಯ ಮೇಲೆ ಶೀಶೆ ಹಿಡಿದು ನಿಂತೇ ಇದ್ದೆ. ಕಾಲು ಗಂಟೆಯ ಮೇಲೆ ಬಾಗಿಲು ಸರಿಯಿತು. ತಲೆಯ ಮೇಲೆ ಹಿಮ, ಕೈಯಲ್ಲಿ ಬಟ್ಟೆ ಸುತ್ತಿದ ಕಬ್ಬಿಣದ ಪಾತ್ರೆ. ಅತ್ತೆ ನೇರ ವೇದಿಕೆ ಹತ್ತಿ ಮುಚ್ಚಳ ತೆಗೆದರು.

"ಈಗ ಅದ್ದು."

ಸೂಜಿ ಹಾರಿತು. ಒಂದು ಪಾಯಿಂಟ್ ಒಂಬತ್ತು.

ಅತ್ತೆ ಸಭೆಯ ಕಡೆ ತಿರುಗಿದರು. ಆ ಮುಖದಲ್ಲಿದ್ದ ಗೆಲುವನ್ನು ನಾನು ಸಾಯುವವರೆಗೂ ಮರೆಯಲಾರೆ. "ನೋಡಿದ್ರಾ?" ಎಂದರು. "ಎಲ್ಲರಿಗಿಂತ ಜಾಸ್ತಿ!"

ಭವನದ ಛಾವಣಿಯ ಹಿಮ ಜಾರಿ ಬೀಳುವಷ್ಟು ನಗು. ಯೊನೆ ಅಕ್ಕ ನೆಲದ ಮೇಲೆ ಒರಗಿಕೊಂಡು ಹೊಟ್ಟೆ ಹಿಡಿದುಕೊಂಡಿದ್ದಳು. "ಪೊಲೀಸಮ್ಮ," ಎಂದು ಕೂಗಿದಳು, "ಯಾರನ್ನ ಹಿಡ್ಕೊಂಡು ಹೋಗ್ತೀಯಾ ಈಗ?"

ನರ್ಸಮ್ಮ ಮಾತ್ರ ನಗಲಿಲ್ಲ. ನಮ್ಮಿಬ್ಬರನ್ನೂ ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ತೋಳಿಗೆ ಪಟ್ಟಿ ಸುತ್ತಿದಳು. ಅತ್ತೆಯ ರಕ್ತದೊತ್ತಡ ಇನ್ನೂರ ನಾಲ್ಕು. ಏರು ಹತ್ತಿ ಬಂದದ್ದಕ್ಕೆ ಇರಬೇಕೆಂದು ಅರ್ಧ ಗಂಟೆ ಕೂರಿಸಿ ಮತ್ತೆ ನೋಡಿದಳು: ನೂರ ತೊಂಬತ್ತೆಂಟು. ನನ್ನದು ನೂರ ಅರವತ್ತೆಂಟು.

"ನಿಮಗೆ ಹೇಗೆ ಇಷ್ಟೊಂದು ಮಿತ್ಸುಯೊ ಅವರೇ? ಏನು ತಿಂತೀರಿ?"

ಮನೆಮನೆಯ ಚಹಾ ಮತ್ತು ಉಪ್ಪಿನಕಾಯಿಯ ವಿಷಯ ಹೇಳಿದೆ. ಅವಳು ನನ್ನ ತೋಳಿನ ಪಟ್ಟಿ ಬಿಚ್ಚಿದಳು. "ಊರಿನ ಉಪ್ಪು ಅಳೆಯೋಕೆ ಕಳಿಸಿದ್ರೆ ಪೂರ್ತಿ ನೀವೇ ತಿಂದು ಮುಗಿಸ್ತಿದೀರಲ್ಲ," ಎಂದಳು.

ಮನೆಗೆ ಬಂದ ಮೇಲೆ ಅತ್ತೆ ನಾಲ್ಕು ದಿನ ನನ್ನೊಡನೆ ಮಾತಾಡಲಿಲ್ಲ. ಅವರ ಸಿಟ್ಟು ಉಪ್ಪಿನ ಬಗ್ಗೆ ಅಲ್ಲ, ನೀರಿನ ಬಗ್ಗೆ. ಮೂರು ವರ್ಷ ಕಾಪಾಡಿದ ಮಿಸೊವನ್ನು ಬಚ್ಚಲಲ್ಲಿ ಚೆಲ್ಲಿದವಳ ಜೊತೆ ಏನು ಮಾತು? ಶಿಗೆಜೊ ಮಧ್ಯೆ ಕೂತು ಅಂಚೆಯವನ ಕೆಲಸ ಮಾಡಿದ. "ಮೂಲಂಗಿ ತರೋಕೆ ಹೇಳು ಅಂತ ಅಮ್ಮ ಹೇಳ್ತಿದಾಳೆ," ಎನ್ನುವನು, ಅಮ್ಮ ಒಂದು ಮೊಳ ದೂರದಲ್ಲಿ ಕೂತಿರುವಾಗ. ನಾನು ರಾಜೀನಾಮೆ ಕೊಡಲು ನರ್ಸಮ್ಮನ ಬಳಿ ಹೋದೆ. "ಎರಡು ವರ್ಷದ ಕೆಲಸ, ಇನ್ನೂ ಒಂದು ವರ್ಷ ಇದೆ," ಎಂದು ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿ ಕೈಗೆ ಕೊಟ್ಟಳು.

ಐದನೆಯ ದಿನ ಸಂಜೆ ನಾನು ಅಕ್ಕಿ ತೊಳೆಯುತ್ತಿದ್ದೆ. ಅತ್ತೆ ಒಲೆಯ ಮುಂದೆ ಕೂತಿದ್ದರು. ಬೆನ್ನು ನನ್ನ ಕಡೆಗೆ.

"ಆ ಸೂಜಿ ಮೊದಲೇ ಇತ್ತಾ?"

"ಯಾವಾಗ ಅತ್ತೆ?"

"ನಿಮ್ಮ ಮಾವ ಇದ್ದಾಗ."

ಮಾವ ಐವತ್ನಾಲ್ಕಕ್ಕೆ ಹೋದವರು. ನಾನು ಅವರನ್ನು ನೋಡಿಲ್ಲ. ರೇಷ್ಮೆಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದವರು ಬುಟ್ಟಿಯ ಮೇಲೆಯೇ ಒರಗಿದ್ದರಂತೆ.

"ಇರಲಿಲ್ಲ ಅತ್ತೆ. ಇತ್ತೀಚಿನದು."

"ಅವರು ಕೇಳ್ತಿದ್ರು, ಇನ್ನೂ ಸ್ವಲ್ಪ ಗಟ್ಟಿ ಮಾಡು ಕುಮಾ ಅಂತ. ನಾನು ಮಾಡ್ತಿದ್ದೆ." ಒಲೆಯೊಳಗೆ ಒಂದು ಕಟ್ಟಿಗೆ ನೂಕಿದರು. "ಅವರ ಬಟ್ಟಲಿಗೆ ಅದ್ದಿದ್ರೆ ಎಷ್ಟು ತೋರಿಸ್ತಿತ್ತೋ."

ಇಪ್ಪತ್ತೇಳು ಮನೆಗಳಲ್ಲಿ ಭಾಷಣ ಬಿಗಿದಿದ್ದ ನಾನು ಅಕ್ಕಿಯನ್ನು ಮತ್ತೆ ಮತ್ತೆ ತೊಳೆದೆ. ಆ ರಾತ್ರಿ ಅನ್ನಕ್ಕೆ ಸಾರವೇ ಉಳಿದಿರಲಿಲ್ಲ. ಯಾರೂ ದೂರಲಿಲ್ಲ.

ಇಲ್ಲಿಗೆ ನನಗೆ ಬುದ್ಧಿ ಬಂತೆಂದು ನೀವು ತಿಳಿದರೆ ನನ್ನನ್ನು ಸರಿಯಾಗಿ ಅರ್ಥ ಮಾಡಿಕೊಂಡಿಲ್ಲ. ಬಂದದ್ದು ಹುಮ್ಮಸ್ಸು. ಮಿಸೊದಲ್ಲೇ ಉಪ್ಪು ಅರ್ಧ ಮಾಡಿದರೆ ಎಲ್ಲ ಸರಿಹೋಗುತ್ತದೆಂದು ನನಗೆ ಹೊಳೆಯಿತು. ನಮ್ಮ ಮುತ್ತಜ್ಜಿಯರು ದಡ್ಡರು, ನಾನು ಜಾಣೆ. ಏಪ್ರಿಲಿನಲ್ಲಿ ಅತ್ತೆ ತಮ್ಮ ಪೀಪಾಯಿ ತುಂಬಿದ ಮೇಲೆ ಉಳಿದ ಕಾಳನ್ನು ಕದ್ದು, ಅರ್ಧ ಉಪ್ಪು ಹಾಕಿ, ಒಂದು ಸಣ್ಣ ಪೀಪಾಯಿಯಲ್ಲಿ ತುಂಬಿ, ಉಗ್ರಾಣದ ಮೂಲೆಯಲ್ಲಿ ಗೋಣಿಯಡಿ ಮುಚ್ಚಿಟ್ಟೆ. ಜುಲೈ ಕೊನೆಯಲ್ಲಿ ಶಿಗೆಜೊ ಮೂಗು ಹಿಡಿದುಕೊಂಡು ಅಡಿಗೆಮನೆಗೆ ಬಂದ.

"ಉಗ್ರಾಣದಲ್ಲಿ ಬೆಕ್ಕು ಸತ್ತಿದೆ."

"ನಮ್ಮಲ್ಲಿ ಬೆಕ್ಕೆಲ್ಲಿದೆ ರೀ?"

"ಯಾರದೋ ಬಂದು ಸತ್ತಿದೆ. ದೊಡ್ಡ ಬೆಕ್ಕು."

ನಾವು ಮೂವರೂ ಹೋಗಿ ಗೋಣಿ ಎತ್ತಿದೆವು. ಮೇಲೆ ಕರಿ, ಹಸಿರು, ಗುಲಾಬಿ ಬಣ್ಣದ ಬೂಷ್ಟು. ಅಡಿಯಲ್ಲಿ ಹುಳಿ ನೊರೆ. ಶಿಗೆಜೊ ಹೊರಗೆ ಓಡಿದ. ನಾನು ಬೈಗುಳಕ್ಕೆ ಕಾದು ನಿಂತೆ. ಅತ್ತೆ ಬಗ್ಗಿ, ಬೆರಳಿಂದ ಬದಿಯನ್ನು ಕೆರೆದು ಮೂಸಿ ನೋಡಿದರು.

"ಉಪ್ಪು ಎಷ್ಟು ಹಾಕ್ದೆ?"

"ಅರ್ಧ."

"ಮಿಸೊಗೆ ಉಪ್ಪು ರುಚಿಗಲ್ಲ ಕಣೆ, ಕಾವಲಿಗೆ. ಕಾವಲುಗಾರನ್ನ ಅರ್ಧ ಊಟ ಹಾಕಿ ನಿಲ್ಲಿಸಿದ್ರೆ ಕಳ್ಳರು ಬರದೆ ಇರ್ತಾರಾ?" ಅವರು ಬೆರಳನ್ನು ನನ್ನ ಏಪ್ರನ್ನಿಗೇ ಒರೆಸಿದರು. "ಮಿಸೊ ಮೇಲೆ ಯಾಕೆ ನಿನ್ನ ಕೋಪ? ಅದನ್ನ ಹೇಗಿದೆಯೋ ಹಾಗೆ ಬಿಡು. ಸೌಟಲ್ಲಿ ಕಮ್ಮಿ ತೆಗಿ."

"ಸೌಟು ನಿಮ್ಮ ಕೈಲಿದೆಯಲ್ಲ ಅತ್ತೆ."

ಈ ಮಾತು ನನ್ನ ಬಾಯಿಂದ ಹೇಗೆ ಬಂತೋ ನಾನರಿಯೆ. ಅತ್ತೆ ಪೀಪಾಯಿಗೆ ಮತ್ತೆ ಗೋಣಿ ಮುಚ್ಚಿ ಹೊರಟುಹೋದರು. ಮರುದಿನ ಬೆಳಿಗ್ಗೆ ನಾನು ಅಡಿಗೆಮನೆಗೆ ಬಂದಾಗ ಅವರು ಇನ್ನೂ ಹಾಸಿಗೆಯಲ್ಲಿದ್ದರು. ಮರದ ಸೌಟು ಒಲೆಯ ಕಟ್ಟೆಯ ಮೇಲಿತ್ತು.

ಇಪ್ಪತ್ತು ವರ್ಷ ಕಾದ ಅಧಿಕಾರ. ಮೊದಲ ದಿನವೇ ನಾನು ಅದನ್ನು ಹಾಳು ಮಾಡಿದೆ. ಎಂದಿನ ಸಾರಿಗೆ ಅರ್ಧ ಮಿಸೊ ಹಾಕಿದೆ, ಅಷ್ಟೇ. ಶಿಗೆಜೊ ಒಂದು ಗುಟುಕು ಕುಡಿದು ಕಿಟಕಿಯಾಚೆ ನೋಡಿದ. ನಾನು ಅನ್ನ ಬಡಿಸಲು ತಿರುಗಿದ ಕ್ಷಣ ಬಟ್ಟಲಿಗೆ ಸೋಯಾ ಸಾಸ್ ಸುರಿದುಕೊಂಡ. ತಿರುಗಿ ನೋಡಿದರೆ ಅತ್ತೆ ಶೀಶೆಯನ್ನು ಅವನ ಕೈಯಿಂದ ಕಿತ್ತುಕೊಳ್ಳುತ್ತಿದ್ದರು.

"ನಿಮ್ಮಪ್ಪನ ಹಾಗೇ ಆಡ್ಬೇಡ," ಎಂದರು. ಆಮೇಲೆ ನನಗೆ: "ಒಣಮೀನು ಎಷ್ಟು ಹಾಕ್ದೆ?"

"ಎಂಟು."

"ಹದಿನಾರು ಹಾಕು. ತಲೆ, ಹೊಟ್ಟೆ ಕಿತ್ತು, ರಾತ್ರಿನೇ ನೆನೆಹಾಕು. ನೀರಿಗೆ ರುಚಿ ಇದ್ರೆ ಮಿಸೊ ಸಾಲ ಕೇಳಲ್ಲ."

ಅಲ್ಲಿಂದ ಅವರು ಒಲೆಯ ಬಳಿ ಕೂತು ಹೇಳುವುದು, ನಾನು ಮಾಡುವುದು. ಮೂಲಂಗಿ, ಆಲೂಗಡ್ಡೆ, ಕುಂಬಳ, ಅಣಬೆ, ಹಸಿರು ಈರುಳ್ಳಿ, ಸೋಯಾ ಹಾಲು ಒಡೆದು ಮಾಡುವ ತೋಫು, ಎಲ್ಲವೂ ಒಂದೇ ಬಟ್ಟಲಿಗೆ. ತುಂಡುಗಳು ಜಾಸ್ತಿಯಾದಷ್ಟೂ ನೀರಿಗೆ ಜಾಗ ಕಮ್ಮಿ, ನೀರು ಕಮ್ಮಿಯಾದಷ್ಟೂ ಮಿಸೊ ಕಮ್ಮಿ. "ಇದು ಸಾರಲ್ಲ, ತರಕಾರಿ ಗಾಡಿ ಮಗುಚಿದ ಹಾಗಿದೆ," ಎಂದು ಅತ್ತೆಯೇ ಗೊಣಗಿದರು, ಎರಡನೆಯ ಬಟ್ಟಲು ಹಾಕಿಸಿಕೊಳ್ಳುತ್ತ.

ಮಿಸೊ ಎಂದರೆ ಸಾರು ಎಂದಷ್ಟೇ ತಿಳಿದಿದ್ದ ನನಗೆ ಆ ಚಳಿಗಾಲ ಬೇರೆ ವಿದ್ಯೆಯೂ ಸಿಕ್ಕಿತು. ಅಕ್ರೋಟು ಅರೆದು ಮಿಸೊ ಬೆರೆಸಿ ಅನ್ನದ ಉಂಡೆಗೆ ಹಚ್ಚಿ ಕೆಂಡದ ಮೇಲೆ ಸುಡುವುದು. ತೋಫುವನ್ನು ಬಟ್ಟೆಯಲ್ಲಿ ಸುತ್ತಿ ಮಿಸೊದೊಳಗೆ ಹೂತಿಟ್ಟು ಮೂರನೆಯ ದಿನ ತೆಳ್ಳಗೆ ಹೆಚ್ಚುವುದು. ಬದನೆಕಾಯಿಯನ್ನು ಸೀಳಿ ಸುಟ್ಟು ಮೇಲೆ ಸವರುವುದು. ಸವರುವಾಗ ನಾನು ಕೈ ಧಾರಾಳ ಮಾಡಿದರೆ ಅತ್ತೆ ಮಣಿಕಟ್ಟಿಗೆ ಹೊಡೆಯುತ್ತಿದ್ದರು.

"ಮೇಲ್ಮೇಲೆ ಸವರೆ. ಒಳಗೆ ಬೇಡ. ನಾಲಿಗೆಗೆ ಮೊದಲು ಸಿಗೋದು ಮೇಲಿಂದು. ನಾಲಿಗೆ ದಡ್ಡ, ಒಳಗೂ ಹಾಗೇ ಇದೆ ಅಂದ್ಕೊಳ್ಳುತ್ತೆ."

ನಾನು ನಾಲ್ಕು ಪುಟದ ಭಾಷಣದಲ್ಲಿ ಹೇಳಲಾಗದ್ದನ್ನು ಅವರು ಬೆರಳ ತುದಿಯಲ್ಲಿ ಹೇಳಿಬಿಡುತ್ತಿದ್ದರು. ಭಾಷಣ ನಿಜವಾಗಿಯೂ ನಾಲ್ಕು ಪುಟವಿತ್ತು. ಫೆಬ್ರವರಿಯಲ್ಲಿ ನರ್ಸಮ್ಮ ಭವನದಲ್ಲಿ ಅಡಿಗೆ ತರಗತಿ ಇಟ್ಟು, ಮಾತಾಡಲು ನನ್ನನ್ನು ಕರೆದಳು. ನಲವತ್ತು ಹೆಂಗಸರು. ನಾನು ಕನ್ನಡಕ ಹಾಕಿಕೊಂಡು "ಸೋಯಾ ಕಾಳಿನ ಪೋಷಕಾಂಶಗಳು" ಎಂದು ಶುರುಮಾಡಿದೆ. ಎರಡನೆಯ ಪುಟಕ್ಕೆ ಹೋಗುವಷ್ಟರಲ್ಲಿ ಮುಂದಿನ ಸಾಲಿನ ಇಬ್ಬರು ನಿದ್ದೆ ಹೋಗಿದ್ದರು. ಅತ್ತೆ ಎದ್ದು ಬಂದು ನನ್ನ ಕೈಯ ಕಾಗದ ತೆಗೆದು ಒಲೆಯ ಪಕ್ಕ ಇಟ್ಟರು, ಮೂಲಂಗಿ ಕೊಟ್ಟರು.

"ನೀನು ಇದರ ಸಿಪ್ಪೆ ತೆಗಿ," ಎಂದರು. ಆಮೇಲೆ ಸಭೆಗೆ: "ನಾನು ಕುಮಾ. ಹಿಂದಿನ ಸಲ ಊರಿಗೇ ಮೊದಲು ಬಂದವಳು."

ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ನಿಂತ ಮೇಲೆ ಅವರು ಎರಡು ಗಂಟೆ ಮಾತಾಡಿದರು. ಯೊನೆ ಅಕ್ಕ ಕೈ ಎತ್ತಿ ಪ್ರಶ್ನೆ ಕೇಳಿದಳು. ಯಾರೂ ನಿದ್ದೆ ಮಾಡಲಿಲ್ಲ. ನಾನು ಹನ್ನೊಂದು ಮೂಲಂಗಿಯ ಸಿಪ್ಪೆ ತೆಗೆದೆ.

ಆ ವರ್ಷ ಎರಡನೆಯ ಸುತ್ತು ಅಳೆದಾಗ ನಮ್ಮ ಕೇರಿಯ ಹೆಚ್ಚಿನ ಮನೆಗಳು ಒಂದೂಕಾಲಿನ ಕೆಳಗಿದ್ದವು. ನಾನು ಮುಂಬಾಗಿಲಿನಿಂದಲೇ ಹೋದೆ, ಚಹಾ ಮಾತ್ರ ಕುಡಿದೆ. ಅತ್ತೆಯ ರಕ್ತದೊತ್ತಡ, ಮಾತ್ರೆಯ ಸಹಾಯವೂ ಸೇರಿ, ನೂರ ಐವತ್ತಕ್ಕೆ ಬಂದು ಅಲ್ಲೇ ನಿಂತಿತು. ಎಂಬತ್ತೊಂಬತ್ತನೆಯ ವಯಸ್ಸಿನವರೆಗೆ ಬದುಕಿದರು. ಅದರಲ್ಲಿ ಎಂಬತ್ತಾರರವರೆಗೂ ಪ್ರತಿ ಏಪ್ರಿಲಿನಲ್ಲಿ ನನ್ನ ಪಕ್ಕ ಕೂತು ನನ್ನ ಉಂಡೆಗಳಲ್ಲಿ ಕೊಂಕು ಹುಡುಕಿದರು. ನನ್ನ ಮಿಸೊಗೆ ಅವರು ಕೊಟ್ಟ ಅತಿ ದೊಡ್ಡ ಪ್ರಶಂಸೆ: "ಹಸಿದಿದ್ರೆ ತಿನ್ನಬಹುದು."

ಈಗ ನಮ್ಮ ಸೀಮೆಯಲ್ಲಿ ಆ ತರಕಾರಿ ತುಂಬಿದ ಸಾರಿಗೆ ಕುಮಾ ಸಾರು ಎಂದೇ ಹೆಸರು. ಮೊನ್ನೆ ಕಣಿವೆಯ ಕೆಳಗಿನ ಊರಿನಲ್ಲಿ ಹಿರಿಯರ ಕೂಟಕ್ಕೆ ಹೋಗಿದ್ದಾಗ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಎಲ್ಲರಿಗೂ ಅದನ್ನು ಮಾಡುವ ವಿಧಾನ ಹೇಳಿಕೊಡುತ್ತಿದ್ದಳು. ನನಗೂ ಒಂದು ಚಾಕು, ಹಲಗೆ ಸಿಕ್ಕಿತು. ನಾನು ಹೆಚ್ಚಿದ್ದನ್ನು ನೋಡಿ ಅವಳು ಹತ್ತಿರ ಬಂದು ಪಿಸುಗುಟ್ಟಿದಳು.

"ಅಜ್ಜಿ, ಬೇಜಾರು ಮಾಡ್ಕೋಬೇಡಿ. ಇಷ್ಟು ದಪ್ಪ ಆಗ್ಬಾರ್ದು. ಕುಮಾ ಅಜ್ಜಿ ಹೀಗೆ ಹೆಚ್ತಿರಲಿಲ್ಲವಂತೆ."

"ಹೌದಾ? ಹೇಗೆ ಹೆಚ್ತಿದ್ರಂತೆ?"

ಅವಳು ತೋರಿಸಿಕೊಟ್ಟಳು. ಅತ್ತೆ ಒಂದು ದಿನವೂ ಹಾಗೆ ಹೆಚ್ಚಿದವರಲ್ಲ. ನಾನು ತುಂಡುಗಳನ್ನೆಲ್ಲ ಮತ್ತೆ ಹಲಗೆಯ ಮೇಲೆ ಸುರಿದುಕೊಂಡು, ಅವಳು ಹೇಳಿದ ಅಳತೆಗೇ ಮೊದಲಿನಿಂದ ಹೆಚ್ಚಿದೆ.